ಉಗಿಬಂಡಿ ನಮ್ಮ ಕರಾವಳಿಗೂ ಒಮ್ಮೆ ಬರಲಿ



ಕಳೆದ ಮಾಘಮಾಸದ ಒಂದು ಸಂಜೆ, ಬೆಂಗಳೂರಿನಿಂದ ರಜೆಗೆ ಬಂದಿದ್ದ ಮೊಮ್ಮಗನ ಹಟಕ್ಕೆ ಮಣಿದು ಓಂ ಬೀಚಿಗೆ ಹೋಗಿದ್ದೆ. ಎಂಬತ್ತೆರಡರ ಮೊಣಕಾಲುಗಳಿಗೆ ಅಲ್ಲಿಯ ಮೆಟ್ಟಿಲುಗಳು ಹೇಳಿ ಮಾಡಿಸಿದವಲ್ಲ. ಆದರೂ ಅವನ ಹೆಗಲು ಹಿಡಿದು ಇಳಿದು, ಎರಡು ಅರ್ಧಚಂದ್ರಗಳು ಕೂಡುವಲ್ಲಿ ಸಮುದ್ರಕ್ಕೆ ಚಾಚಿಕೊಂಡಿರುವ ಬಂಡೆಗಳ ಹತ್ತಿರ ಕುಳಿತೆ. ಹುಡುಗ ಸಮುದ್ರ ನೋಡುವ ಬದಲು ತನ್ನ ಮೊಬೈಲಿನಲ್ಲಿ ಯಾವುದೋ ದೇಶದ ಉಗಿಬಂಡಿ ಹಿಮದ ನಡುವೆ ಓಡುವುದನ್ನು ನೋಡುತ್ತಿದ್ದ. ಇದ್ದಕ್ಕಿದ್ದಂತೆ ತಲೆಯೆತ್ತಿ, "ಅಜ್ಜಾ, ನೀನು ಇಂಥದ್ದನ್ನು ನಿಜವಾಗಿ ನೋಡಿದ್ದೀಯಾ?" ಎಂದು ಕೇಳಿದ. ನೋಡಿದ್ದೇನೆ ಎಂದೆ. "ಇಲ್ಲಿಯಾ?" ಎಂದ. ಇಲ್ಲಿ ಅಲ್ಲ, ಇಲ್ಲಿಗೆ ಅದು ಬರಲೇ ಇಲ್ಲ ಎಂದೆ. "ಯಾಕೆ ಬರಲಿಲ್ಲ?" ಎಂಬ ಅವನ ಮುಂದಿನ ಪ್ರಶ್ನೆಗೆ ನಾನು ಅಂದು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಈ ಬರಹ ಆ ಉತ್ತರದ ಮುಂದುವರಿಕೆ ಎಂದು ತಿಳಿಯಿರಿ.

ನನ್ನ ಬಾಲ್ಯದಲ್ಲಿ ಓಂ ಬೀಚೆಂಬ ಹೆಸರು ನಮ್ಮ ಕಿವಿಗೆ ಬಿದ್ದಿರಲಿಲ್ಲ. ಗೋಕರ್ಣದಿಂದ ಗುಡ್ಡ ಹತ್ತಿ ಇಳಿದರೆ ಕುಡ್ಲೆ, ಅದನ್ನು ದಾಟಿ ಮತ್ತೆ ಗುಡ್ಡ ಹತ್ತಿದರೆ ದನ ಮೇಯಿಸುವ ಹುಡುಗರು ಮತ್ತು ಬಲೆ ಎಳೆಯುವವರು ಬಿಟ್ಟರೆ ಯಾರೂ ಸುಳಿಯದ ಈ ದಂಡೆ. ನಾವು ಮೂರುನಾಲ್ಕು ಮಾಣಿಗಳು ರವಿವಾರಗಳಂದು ಮುರುಗಲ ಹಣ್ಣು ಹುಡುಕುವ ನೆಪದಲ್ಲಿ ಆ ಗುಡ್ಡದ ಮೇಲೆ ಕುಳಿತು ಸಮುದ್ರದ ಅಂಚನ್ನು ನೋಡುತ್ತಿದ್ದೆವು. ನಮಗೆ ಬೇಕಾಗಿದ್ದದ್ದು ಹೊಗೆ. ಮುಂಬಯಿಯಿಂದ ಹೊರಟು ಬಂದರದಿಂದ ಬಂದರಕ್ಕೆ ಬರುವ ಆಗಬೋಟಿನ ಹೊಗೆ ಮೊದಲು ಒಂದು ಗೆರೆಯಂತೆ ಕಾಣಿಸಿ, ಆಮೇಲೆ ಅದರ ಕೆಳಗೆ ಹಡಗು ಹುಟ್ಟಿಕೊಳ್ಳುತ್ತಿತ್ತು. ಆಗಬೋಟು ದಂಡೆಯಿಂದ ದೂರ ನಿಂತು, ದೋಣಿಗಳು ಹೋಗಿ ಜನರನ್ನೂ ಸಾಮಾನನ್ನೂ ಇಳಿಸಿ ತರುತ್ತಿದ್ದವು. ಮಳೆಗಾಲದಲ್ಲಿ ಅದೂ ನಿಂತುಹೋಗುತ್ತಿತ್ತು. ಉಗಿ ಎಂಬ ಶಕ್ತಿಯ ಬಗ್ಗೆ ನಮಗಿದ್ದ ಜ್ಞಾನವೆಲ್ಲ ಆ ಒಂದು ಹೊಗೆಯ ಗೆರೆಯಷ್ಟು.

ರೈಲಿನ ವಿಷಯದಲ್ಲಿ ನಮ್ಮ ಕರಾವಳಿಯದು ವಿಚಿತ್ರ ಕತೆ. ದಕ್ಷಿಣದಲ್ಲಿ ಮಂಗಳೂರಿಗೆ 1907ರಲ್ಲೇ ರೈಲು ಬಂದಿತ್ತು. ಉತ್ತರದಲ್ಲಿ ಮಾರ್ಮಗೋವಾ ಬಂದರಕ್ಕೆ ಅದಕ್ಕೂ ಮೊದಲು, 1880ರ ದಶಕದಲ್ಲಿ. ನಮ್ಮದೇ ಜಿಲ್ಲೆಯ ಘಟ್ಟದ ಮೇಲೆ ಕ್ಯಾಸಲ್‌ರಾಕಿನಲ್ಲಿ ಇಂಜಿನ್ನುಗಳು ಹಗಲಿರುಳು ಏದುಸಿರು ಬಿಡುತ್ತಿದ್ದವು. ಆದರೆ ಆ ಎರಡು ಬಂದರಗಳ ನಡುವಿನ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿಗಳಿಗೆ ಇಪ್ಪತ್ತನೆಯ ಶತಮಾನ ಮುಗಿಯುತ್ತ ಬರುವವರೆಗೆ ಹಳಿಯೇ ಇರಲಿಲ್ಲ. ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾದದ್ದು 1990ರಲ್ಲಿ, ಪೂರ್ಣ ಮಾರ್ಗ ಉದ್ಘಾಟನೆಯಾದದ್ದು 1998ರ ಜನವರಿ 26ರಂದು. ಅಷ್ಟರಲ್ಲಿ ದೇಶದ ದೊಡ್ಡ ಹಳಿಯ ಮೇಲೆ ಉಗಿಬಂಡಿಗಳ ನಿತ್ಯ ಸಂಚಾರ 1995ರಲ್ಲೇ ಮುಗಿದುಹೋಗಿತ್ತು. ಹೀಗಾಗಿ ನಮ್ಮೂರಿಗೆ ಮೊದಲು ಬಂದದ್ದೇ ಡೀಸೆಲ್ ಇಂಜಿನ್ನು, 2022ರಿಂದ ವಿದ್ಯುತ್ ಇಂಜಿನ್ನು. ಇಡೀ ಲೋಕ ಒಂದೂವರೆ ಶತಮಾನ ಕಂಡುಂಡ ಉಗಿಯುಗವನ್ನು ನಾವು ಕಣ್ಣುಮುಚ್ಚಿ ದಾಟಿಬಿಟ್ಟೆವು.

ನಾನು ಮಾತ್ರ ದಾಟಲಿಲ್ಲ. ಅದಕ್ಕೆ ಕಾರಣ ಎರಡು ಆಣೆಯ ಒಂದು ಅಂಚೆಚೀಟಿ.

1953ರಲ್ಲಿ ಭಾರತದ ರೈಲ್ವೆಗೆ ನೂರು ವರ್ಷ ತುಂಬಿತು. 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರದಿಂದ ಠಾಣೆಗೆ ಹದಿನಾಲ್ಕು ಡಬ್ಬಿಗಳಲ್ಲಿ ನಾನೂರು ಅತಿಥಿಗಳನ್ನು ಕೂರಿಸಿಕೊಂಡು ಮೂರು ಇಂಜಿನ್ನುಗಳ ರೈಲು ಹೊರಟಿತಷ್ಟೆ. ಅದರ ಶತಮಾನೋತ್ಸವದ ನೆನಪಿಗೆ ಅಂಚೆ ಇಲಾಖೆಯವರು 1853ರ ಇಂಜಿನ್ನನ್ನೂ 1953ರ ಇಂಜಿನ್ನನ್ನೂ ಒಟ್ಟಿಗೆ ಮುದ್ರಿಸಿದ ಚೀಟಿಯೊಂದನ್ನು ಹೊರತಂದರು. ನಮ್ಮ ಶಾಲೆಯ ಹೆಡ್‌ಮಾಸ್ತರರಿಗೆ ಬಂದ ಲಕೋಟೆಯೊಂದರ ಮೇಲೆ ಆ ಚೀಟಿ ಇತ್ತು. ಅವರು ಅದನ್ನು ನೀರಿನಲ್ಲಿ ನೆನೆಸಿ, ಬಿಡಿಸಿ, ಒಣಗಿಸಿ, ತರಗತಿಯಲ್ಲಿ ಒಬ್ಬೊಬ್ಬರ ಅಂಗೈಯ ಮೇಲೂ ಒಂದು ನಿಮಿಷ ಇಟ್ಟು ತೋರಿಸಿದರು. ಉಸಿರು ಬಿಗಿಹಿಡಿಯಬೇಕೆಂಬ ಆಜ್ಞೆ ಬೇರೆ, ಹಾರಿಹೋದೀತೆಂದು. ನನಗಾಗ ಹತ್ತು ವರ್ಷ. ಆ ಚೀಟಿಯನ್ನು ಪಕ್ಕದವನ ಅಂಗೈಗೆ ದಾಟಿಸುವಾಗ ನನ್ನ ಕೈ ನಡುಗಿದ್ದು ಇಂದಿಗೂ ನೆನಪಿದೆ. ಮನೆಗೆ ಹೋಗಿ ಊಟ ಬಿಟ್ಟೆ. ರೈಲು ನೋಡದೆ ಉಣ್ಣುವುದಿಲ್ಲ ಎಂಬ ನನ್ನ ವ್ರತ ಒಂದೂವರೆ ಹೊತ್ತು ನಡೆಯಿತು.

ಅಪ್ಪಯ್ಯ ಬೈಯಲಿಲ್ಲ. ಆಯಿಯ ತಮ್ಮ, ಅಂದರೆ ನನ್ನ ಸೋದರಮಾವ, ಮೈಸೂರು ಸೀಮೆಯಲ್ಲಿ ರೈಲ್ವೆ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಊರಿಗೆ ಬರಲು ಅವನಿಗೆ ರಜೆ ಸಿಗುತ್ತಿರಲಿಲ್ಲ. ಅವನಿಗೊಂದು ಕಾಗದ ಬರೆದು, ಅವನ ಬಂಡಿ ತಾಳಗುಪ್ಪಕ್ಕೆ ಬರುವ ದಿನ ಗೊತ್ತುಮಾಡಿಕೊಂಡು, ಅಪ್ಪಯ್ಯ ನನ್ನನ್ನು ಕರೆದುಕೊಂಡು ಹೊರಟ. ತದಡಿಯಲ್ಲಿ ದೋಣಿ ಹತ್ತಿ ಅಘನಾಶಿನಿ ದಾಟಿ ಕುಮಟಾ, ಅಲ್ಲಿ ಬಂಧುಗಳ ಮನೆಯಲ್ಲಿ ರಾತ್ರಿ ತಂಗಿ ಮರುದಿನ ಬಸ್ಸಿನಲ್ಲಿ ಹೊನ್ನಾವರ, ಅಲ್ಲಿಂದ ಗೇರುಸೊಪ್ಪೆಯ ಘಟ್ಟ. ಘಟ್ಟದ ತಿರುವುಗಳಲ್ಲಿ ನಾನು ಎರಡು ಸಲ ವಾಂತಿ ಮಾಡಿಕೊಂಡೆ. ನಾವಿದ್ದದ್ದು ಮುಂಬಯಿ ಪ್ರಾಂತ, ತಾಳಗುಪ್ಪವಿದ್ದದ್ದು ಮೈಸೂರು ರಾಜ್ಯ. 1956 ಇನ್ನೂ ಬಂದಿರಲಿಲ್ಲ. ಒಂದೇ ಭಾಷೆಯ ಜನ ಒಂದು ಘಟ್ಟ ಹತ್ತಿದರೆ ಬೇರೆ ರಾಜ್ಯಕ್ಕೆ ಹೋದಂತಾಗುತ್ತಿದ್ದ ಕಾಲ ಅದು.

ತಾಳಗುಪ್ಪದ ಹಳಿಗಳಿಗೆ ಆಗ ಹದಿಮೂರೇ ವರ್ಷ. ಶಿವಮೊಗ್ಗೆಯಿಂದ ಹಂತಹಂತವಾಗಿ ಮುಂದುವರಿದ ಮೀಟರ್‌ಗೇಜ್ ಮಾರ್ಗ 1940ರಲ್ಲಿ ಅಲ್ಲಿಗೆ ಬಂದು ನಿಂತಿತ್ತು. ನಿಂತಿತ್ತು ಎಂಬ ಮಾತನ್ನು ಅಕ್ಷರಶಃ ಹೇಳುತ್ತಿದ್ದೇನೆ. ಅಲ್ಲಿಂದ ಮುಂದೆ ಹಳಿಯಿಲ್ಲ, ಜೋಗದ ಕಡೆಗೆ ಕಾಡು. ಹಳಿಗಳು ಮುಗಿಯುವ ಜಾಗವನ್ನು ನೋಡಿ ನಾನು ಅಪ್ಪಯ್ಯನಿಗೆ, ಇದನ್ನು ನಮ್ಮೂರಿನ ತನಕ ಯಾಕೆ ಹಾಕಲಿಲ್ಲ ಎಂದು ಕೇಳಿದೆನಂತೆ. ಮೊಮ್ಮಗ ಕೇಳಿದ ಪ್ರಶ್ನೆಯೂ ಅದೇ. ಅಪ್ಪಯ್ಯ ಏನು ಹೇಳಿದನೋ ಮರೆತಿದ್ದೇನೆ.

ಬಂಡಿ ಬರುವ ಮೊದಲು ಅದರ ಕೂಗು ಬಂತು. ಆಮೇಲೆ ಮರಗಳ ಮೇಲೆ ಹೊಗೆ ಕಾಣಿಸಿತು. ಆಗಬೋಟಿನ ಹೊಗೆಯಂತೆ ಗೆರೆಯಲ್ಲ, ಉಂಡೆಯುಂಡೆಯಾಗಿ ಮೇಲೇಳುವ ಹೊಗೆ. ಕಾಲಿನ ಕೆಳಗಿನ ನೆಲ ಅದುರತೊಡಗಿದಾಗ ನಾನು ಅಪ್ಪಯ್ಯನ ಪಂಚೆಯ ಹಿಂದೆ ಅವಿತುಕೊಂಡೆ. ಅಷ್ಟು ದೂರದಿಂದ, ಅಷ್ಟು ಹಟಮಾಡಿ ಬಂದವನು ಇಂಜಿನ್ನು ಎದುರಿಗೆ ಹಾದುಹೋಗುವ ಕ್ಷಣದಲ್ಲಿ ಕಣ್ಣು ಮುಚ್ಚಿಕೊಂಡಿದ್ದೆ ಎಂಬುದನ್ನು ಎಪ್ಪತ್ತು ವರ್ಷಗಳ ತರುವಾಯ ಒಪ್ಪಿಕೊಳ್ಳಲು ಅಡ್ಡಿಯಿಲ್ಲ. ಕಣ್ಣು ಬಿಟ್ಟಾಗ ಅದು ನಿಂತಿತ್ತು. ನಿಂತದ್ದೂ ಸುಮ್ಮನಿರಲಿಲ್ಲ. ಓಡಿಬಂದ ಎತ್ತಿನ ಹಾಗೆ ಬುಸುಗುಡುತ್ತ, ಅಲ್ಲಲ್ಲಿ ನೀರು ತೊಟ್ಟಿಕ್ಕುತ್ತ, ಬಿಸಿ ಎಣ್ಣೆಯ ಮತ್ತು ಕಲ್ಲಿದ್ದಲಿನ ವಾಸನೆ ಬಿಡುತ್ತ ಬದುಕಿಕೊಂಡಿತ್ತು. ನಾನು ಆಮೇಲೆ ಎಷ್ಟೋ ಯಂತ್ರಗಳನ್ನು ನೋಡಿದ್ದೇನೆ, ವಿಮಾನದಲ್ಲಿ ಕುಳಿತು ಸಮುದ್ರ ದಾಟಿದ್ದೇನೆ. ನಿಂತಾಗಲೂ ಬದುಕಿರುವ ಯಂತ್ರವನ್ನು ಮತ್ತೊಂದು ಕಂಡಿಲ್ಲ.

ಮಾವನನ್ನು ನಾನು ಗುರುತಿಸಲಿಲ್ಲ. ಇಂಜಿನ್ನಿನಿಂದ ಇಳಿದ ಕರಿಯ ಮನುಷ್ಯನೊಬ್ಬ ಅಪ್ಪಯ್ಯನ ಕಾಲು ಮುಟ್ಟಲು ಬಗ್ಗಿ, ಕೈ ಮಸಿಯಾಗಿದೆಯೆಂದು ಅರ್ಧಕ್ಕೇ ನಿಲ್ಲಿಸಿದ. ಹಲ್ಲು ಮತ್ತು ಕಣ್ಣು ಮಾತ್ರ ಬಿಳಿ. ಅವನು ಫೈರ್‌ಮ್ಯಾನ್, ಅಂದರೆ ಬೆಂಕಿಗೆ ಉಣಿಸುವವನು. ಡ್ರೈವರರ ಅನುಮತಿ ಪಡೆದು ನನ್ನನ್ನು ಮೇಲಕ್ಕೆತ್ತಿಕೊಂಡು ಬೆಂಕಿಗೂಡಿನ ಬಾಗಿಲು ತೆರೆದು ತೋರಿಸಿದ. ಕೆಂಪು ಎನ್ನಲಾಗದು, ಬಿಳಿ ಎನ್ನಲಾಗದು, ಅಂಥ ಒಂದು ಬೆಳಕು ಮುಖಕ್ಕೆ ಹೊಡೆಯಿತು. ಆಮೇಲೆ ಇಂಜಿನ್ನು ಡಬ್ಬಿಗಳಿಂದ ಕಳಚಿಕೊಂಡು ಪಕ್ಕದ ಹಳಿಯ ಮೇಲೆ ಹಿಂದೆ ಸರಿದು ಇನ್ನೊಂದು ತುದಿಗೆ ಹೋಗಿ ಸೇರಿಕೊಂಡಿತು. ನಡುವೆ ನೀರು ಕುಡಿಯಿತು. ಇದನ್ನೆಲ್ಲ ನೋಡುತ್ತ ನಾನು ಮೈಮರೆತಿದ್ದಾಗ ಮಾವ ಪಕ್ಕಕ್ಕೆ ಬಂದು ನಿಂತು, "ಇದನ್ನು ನೋಡಲು ಇಷ್ಟು ದೂರ ಬಂದೆಯಲ್ಲೋ ತಮಾ, ನನಗೆ ಇದರಿಂದ ದೂರ ಹೋಗುವುದು ಯಾವಾಗ ಎಂದಾಗಿದೆ" ಎಂದ. ಅವನ ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಟ್ಟ ಕಲೆಗಳಿದ್ದವು. ಹತ್ತು ವರ್ಷದವನಿಗೆ ಆ ಮಾತು ತಮಾಷೆಯಾಗಿ ಕೇಳಿಸಿತು. ಮುಂದೆ ಅವನು ಕೆಮ್ಮುತ್ತ ಕೆಮ್ಮುತ್ತ ನಿವೃತ್ತಿಯ ವಯಸ್ಸು ಮುಟ್ಟುವ ಮೊದಲೇ ತೀರಿಕೊಂಡಾಗ ಅದು ತಮಾಷೆಯಾಗಿರಲಿಲ್ಲ ಎಂದು ತಿಳಿಯಿತು. ಉಗಿಬಂಡಿಯ ಸೊಬಗನ್ನು ಹಾಡಿ ಹೊಗಳುವವರ ಸಾಲಿನಲ್ಲಿ ನಾನು ಪೂರ್ತಿಯಾಗಿ ನಿಲ್ಲಲಾರದ್ದಕ್ಕೆ ಮಾವನೇ ಕಾರಣ.

ಮನೆಗೆ ಬಂದೊಡನೆ ಆಯಿ ಮೊದಲು ಕೇಳಿದ್ದು ತಮ್ಮನ ಯೋಗಕ್ಷೇಮ. ಆಮೇಲೆ, ರಾತ್ರಿ ಮಲಗುವ ಹೊತ್ತಿಗೆ, ಯಾರೂ ಇಲ್ಲದಾಗ, "ರೈಲು ಹ್ಯಾಂಗಿತ್ತೋ ತಮಾ?" ಎಂದು ಮೆಲ್ಲಗೆ ಕೇಳಿದಳು. ನಾನು ಸದ್ದುಮಾಡಿ ತೋರಿಸಿದೆ. ಆಕೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆಯಿ ತೀರಿಕೊಂಡದ್ದು 1986ರಲ್ಲಿ. ರೈಲನ್ನು ಆಕೆ ಕೊನೆಗೂ ನೋಡಲಿಲ್ಲ. ಆಕೆಗೂ ನೋಡುವ ಆಸೆಯಿತ್ತೆಂದು ಅಪ್ಪಯ್ಯನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಹೊಳೆದಾಗ ತಡವಾಗಿತ್ತು.

ಈಗ ನನ್ನ ವಿದ್ಯಾರ್ಥಿಗಳಿಗೆ ಸಂಬಂಧಿಸಿದ, ಇಷ್ಟು ವರ್ಷ ಬರೆಯದೆ ಇಟ್ಟುಕೊಂಡಿದ್ದ ಒಂದು ವಿಷಯವನ್ನು ಹೇಳಬೇಕು.

ಮಾಸ್ತರಿಕೆಗೆ ಸೇರಿದ ಮೇಲೆ ವಿಜ್ಞಾನದ ಪಾಠದಲ್ಲಿ ಪ್ರತಿವರ್ಷ ಉಗಿಯಂತ್ರ ಬರುತ್ತಿತ್ತು. ಪುಸ್ತಕದ ಚಿತ್ರವನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆದು, ಬೆಂಕಿಗೂಡಿನ ಬಿಸಿಗಾಳಿ ಕೊಳವೆಗಳ ಮೂಲಕ ಹಾದು ಸುತ್ತಲಿನ ನೀರನ್ನು ಕುದಿಸುವುದು, ಉಗಿ ಉರುಳೆಯೊಳಗೆ ನುಗ್ಗಿ ಕೊಂತವನ್ನು ಒಮ್ಮೆ ಈ ಕಡೆಯಿಂದ ಒಮ್ಮೆ ಆ ಕಡೆಯಿಂದ ತಳ್ಳುವುದು, ಕೆಲಸ ಮುಗಿಸಿದ ಉಗಿ ಹೊಗೆಗೊಳವೆಯಲ್ಲಿ ಚಿಮ್ಮಿ ಹೊರಬೀಳುವಾಗ ಬೆಂಕಿಗೆ ತಾನೇ ಗಾಳಿ ಎಳೆದುಕೊಡುವುದು, ಇವನ್ನೆಲ್ಲ ವಿವರಿಸುತ್ತಿದ್ದೆ. ಛುಕ್ ಛುಕ್ ಎಂಬ ಸದ್ದು ಆ ಚಿಮ್ಮುವಿಕೆಯದೇ. ಎರಡು ಉರುಳೆಗಳ ಇಂಜಿನ್ನಿನಲ್ಲಿ ಗಾಲಿ ಒಂದು ಸುತ್ತು ಬರುವಾಗ ಅದು ನಾಲ್ಕು ಸಲ ಕೇಳುತ್ತದೆ. ಇಂಜಿನ್ನು ಹೆಚ್ಚು ದುಡಿದಷ್ಟೂ ಬೆಂಕಿ ತಾನಾಗಿ ಹೆಚ್ಚುವ ಈ ಏರ್ಪಾಡಿನ ಚೆಲುವನ್ನು ನಾನು ಎಷ್ಟು ಹೇಳಿದರೂ ಹುಡುಗರು ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳುತ್ತಿದ್ದರು. ತಪ್ಪು ಅವರದಲ್ಲ. ಅವರ ಪಾಲಿಗೆ ಅದು ಆನೆಯನ್ನು ಕಾಣದವರಿಗೆ ಸೊಂಡಿಲಿನ ವರ್ಣನೆ.

1978ರಲ್ಲಿ ತಾಳಗುಪ್ಪಕ್ಕೂ ಜೋಗಕ್ಕೂ ಶಾಲೆಯ ಪ್ರವಾಸ ಹೊರಡಿಸಿದೆ. ತಲೆಗೆ ಹನ್ನೆರಡು ರೂಪಾಯಿ. ಅಘನಾಶಿನಿಯ ದಂಡೆಯ ಅಂಬಿಗರ ಕೇರಿಯ ಹುಡುಗನೊಬ್ಬ ಐದು ರೂಪಾಯಿ ತಂದುಕೊಟ್ಟು ಉಳಿದದ್ದನ್ನು ಆಮೇಲೆ ಕೊಡುತ್ತೇನೆ ಎಂದ. ತರಗತಿಯಲ್ಲಿ ಉಗಿಯಂತ್ರದ ಬಗ್ಗೆ ಪ್ರಶ್ನೆ ಕೇಳುತ್ತಿದ್ದ ಒಬ್ಬನೇ ಹುಡುಗ ಅವನು. ಏಳು ರೂಪಾಯಿಯನ್ನು ನಾನು ಹಾಕಬಹುದಿತ್ತು. ಒಬ್ಬನಿಗೆ ಹಾಕಿದರೆ ಇನ್ನು ಹತ್ತು ಜನ ಕೇಳುತ್ತಾರೆ ಎಂಬ ಲೆಕ್ಕಾಚಾರ ಮಾಡಿ, ಐದು ರೂಪಾಯಿಯನ್ನು ಹಿಂದಿರುಗಿಸಿದೆ. ಹೊರಡುವ ಬೆಳಿಗ್ಗೆ ಅವನು ಬಸ್ಸಿನ ಹತ್ತಿರ ಬಂದು ನಿಂತಿದ್ದ. ಕಿಟಕಿಯ ಹತ್ತಿರ ಬಂದು, "ಮಾಸ್ತರ್ರೇ, ಅಲ್ಲಿಂದ ಒಂದು ಕಲ್ಲಿದ್ದಲಿನ ತುಂಡು ತಂದುಕೊಡಿ" ಎಂದ. ಆಗಲಿ ಎಂದೆ. ನಲವತ್ತು ಮಕ್ಕಳನ್ನು ಎಣಿಸುವ, ಬುತ್ತಿ ಹಂಚುವ, ಜೋಗದ ಬಂಡೆಗಳಿಂದ ಹಿಂದಕ್ಕೆ ಎಳೆಯುವ ಗಡಿಬಿಡಿಯಲ್ಲಿ ಮರೆತೆ. ಮರುದಿನ ತರಗತಿಯಲ್ಲಿ ಅವನು ಕೇಳಲಿಲ್ಲ. ಆ ವರ್ಷದ ಕೊನೆಗೆ ಶಾಲೆ ಬಿಟ್ಟ.

ಅವನು ಮತ್ತೆ ಸಿಕ್ಕಿದ್ದು ಹೊನ್ನಾವರದಲ್ಲಿ, ಶರಾವತಿಯ ಮೇಲೆ ಕೊಂಕಣ ರೈಲ್ವೆಯ ಸೇತುವೆ ಕಟ್ಟುತ್ತಿದ್ದ ಕಾಲದಲ್ಲಿ. ಎರಡು ಕಿಲೋಮೀಟರಿಗೂ ಮಿಗಿಲಾದ ಆ ಸೇತುವೆ ಇಡೀ ಮಾರ್ಗದಲ್ಲೇ ಉದ್ದವಾದದ್ದು. ಹೊಳೆಯ ಸೆಳೆತ ಬಲ್ಲವನೆಂದು ಗುತ್ತಿಗೆದಾರರೊಬ್ಬರು ಅವನನ್ನು ದೋಣಿಯ ಕೆಲಸಕ್ಕೆ ಇಟ್ಟುಕೊಂಡಿದ್ದರು. 1998ರಲ್ಲಿ ರೈಲುಗಳ ಓಡಾಟ ಶುರುವಾದ ಮೇಲೊಂದು ದಿನ ಕುಮಟಾ ಸ್ಟೇಶನ್ನಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಎದುರಾದ. ಪ್ರಯಾಣಕ್ಕಲ್ಲ, ನೋಡಲು ಬಂದಿದ್ದ. ಇಂಜಿನ್ನು ಗುಡುಗುತ್ತ ಹಾದುಹೋಯಿತು. ಮಕ್ಕಳು ಕುಣಿದರು. ಅವನು ನನ್ನ ಕಡೆ ತಿರುಗಿ, "ಇದರ ಬೆಂಕಿ ಎಲ್ಲೂ ಕಾಣೂದಿಲ್ಲವಲ್ಲ ಮಾಸ್ತರ್ರೇ" ಎಂದ. ಅಷ್ಟೇ ಎಂದದ್ದು. ಅವನಿಗೆ ಕಲ್ಲಿದ್ದಲಿನ ತುಂಡು ನೆನಪಿತ್ತೋ ಇಲ್ಲವೋ, ನನಗೆ ನೆನಪಾಯಿತು.

ನನ್ನ ಅಭಿಪ್ರಾಯ ಹುಟ್ಟಿದ್ದು ಇಲ್ಲಿಂದ. ನೋಡಲು ಹೋಗುವವರಿಗೆ ಹಣ ಬೇಕು. ಹೀಗಿರುವಾಗ ನೋಡತಕ್ಕ ವಸ್ತುವೇ ಊರಿಂದೂರಿಗೆ ಬರುವುದಾದರೆ ಏಳು ರೂಪಾಯಿ ಇಲ್ಲದವನೂ ಸಾಲಿನಲ್ಲಿ ನಿಲ್ಲಬಹುದು. ನಮ್ಮ ದೇಶದಲ್ಲಿ ಇದು ಆಗದ ಮಾತೇನಲ್ಲ. 2007ರಿಂದ 2017ರವರೆಗೆ ಸೈನ್ಸ್ ಎಕ್ಸ್‌ಪ್ರೆಸ್ ಎಂಬ ಪ್ರದರ್ಶನದ ರೈಲು ದೇಶ ಸುತ್ತಿತು. ಅದಕ್ಕೆ ಪ್ರವೇಶಧನವಿರಲಿಲ್ಲ. ರೈಲ್ವೆಯ ನೂರೈವತ್ತನೆಯ ವರ್ಷದ ಸಮಾರಂಭಗಳು 2002ರಲ್ಲಿ ಆರಂಭವಾದಾಗ ಹಸಿರು ದೀಪ ಹಿಡಿದ ಭೋಲು ಎಂಬ ಆನೆಮರಿಯ ಲಾಂಛನವನ್ನು ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ಆನೆಮರಿ ಮುದ್ದಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಮಕ್ಕಳಿಗೆ ಬೇಕಾದದ್ದು ಆನೆಯ ಚಿತ್ರವಲ್ಲ, ಆನೆಯೇ.

ಹಳೆಯ ಇಂಜಿನ್ನುಗಳನ್ನು ನಾವು ಉಳಿಸಿಕೊಂಡಿಲ್ಲವೆಂದಲ್ಲ. ಮೈಸೂರಿನ ರೈಲು ಸಂಗ್ರಹಾಲಯ 1979ರಿಂದ ಇದೆ, ಅಲ್ಲಿಯ ಮಹಾರಾಣಿಯವರ ಡಬ್ಬಿಯನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಹುಬ್ಬಳ್ಳಿಯಲ್ಲಿ 2020ರಲ್ಲಿ ಇನ್ನೊಂದು ತೆರೆಯಿತು. ದೂರದರ್ಶನದ 'ಮಾಲ್ಗುಡಿ ಡೇಸ್' ಚಿತ್ರೀಕರಣವಾಗಿದ್ದ ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣವೂ ಈಗ ಪುಟ್ಟ ಸಂಗ್ರಹಾಲಯ. ಇವಲ್ಲದೆ ಎಷ್ಟೋ ನಿಲ್ದಾಣಗಳ ಮುಂದೆ ಕಟ್ಟೆ ಕಟ್ಟಿ, ಇಂಜಿನ್ನಿಗೆ ಕಪ್ಪು ಕೆಂಪು ಬಣ್ಣ ಬಳಿದು ನಿಲ್ಲಿಸಿದ್ದಾರೆ. ಜನ ಅದರ ಮುಂದೆ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುತ್ತಾರೆ. ನಾನೂ ಒಮ್ಮೆ ಅಂಥ ಒಂದು ಇಂಜಿನ್ನಿನ ಹೊಟ್ಟೆಗೆ ಕೈಯಿಟ್ಟು ನೋಡಿದೆ. ಬಿಸಿಲಿಗೆ ಕಾದಿತ್ತು, ಅದು ಬೇರೆ ಬಿಸಿ.

2014ರಲ್ಲಿ ಮಗಳ ಮನೆಗೆಂದು ಅಮೆರಿಕದ ಪೋರ್ಟ್‌ಲ್ಯಾಂಡಿಗೆ ಹೋದಾಗ ಅಳಿಯಂದಿರು ನನ್ನನ್ನು ಅಲ್ಲಿಯ ರೈಲು ಪರಂಪರಾ ಕೇಂದ್ರಕ್ಕೆ ಕರೆದುಕೊಂಡು ಹೋದರು. ಅಲ್ಲಿ 4449 ಎಂಬ ಸಂಖ್ಯೆಯ ಒಂದು ಬೃಹತ್ ಉಗಿಯಿಂಜಿನ್ನಿದೆ. 1941ರಲ್ಲಿ ಹುಟ್ಟಿದ್ದು, ನನಗಿಂತ ಎರಡು ವರ್ಷ ಹಿರಿಯದು. ಡೀಸೆಲ್ ಬಂದ ಮೇಲೆ 1958ರಲ್ಲಿ ಅದನ್ನು ಊರಿಗೆ ದಾನ ಕೊಟ್ಟರಂತೆ. ಒಂದು ಉದ್ಯಾನದಲ್ಲಿ ಮಳೆ ಬಿಸಿಲಿಗೆ ಮೈಯೊಡ್ಡಿ ಹದಿನಾರು ವರ್ಷ ನಿಂತಿತ್ತು. ದೇಶ ಸ್ವತಂತ್ರವಾಗಿ ಇನ್ನೂರು ವರ್ಷವಾದ ಸಂದರ್ಭದಲ್ಲಿ ಆ ಮುದಿಯನ್ನು ಎಬ್ಬಿಸಿ, ದುರಸ್ತಿ ಮಾಡಿ, ಕೆಂಪು ಬಿಳಿ ನೀಲಿ ಬಣ್ಣ ಬಳಿದು 'ಅಮೆರಿಕನ್ ಫ್ರೀಡಂ ಟ್ರೇನ್' ಎಂಬ ಪ್ರದರ್ಶನದ ರೈಲಿಗೆ ಕಟ್ಟಿದರು. ಆ ರೈಲು 1975 ಮತ್ತು 1976ರಲ್ಲಿ ನಲವತ್ತೆಂಟು ರಾಜ್ಯಗಳನ್ನು ಸುತ್ತಿತು, ಎಪ್ಪತ್ತು ಲಕ್ಷ ಜನ ನೋಡಿದರು. ಕೇಂದ್ರದಲ್ಲಿ ಎಣ್ಣೆಬಟ್ಟೆ ಹಿಡಿದು ಗಾಲಿ ಒರೆಸುತ್ತಿದ್ದ, ಐವತ್ತರ ಹತ್ತಿರದ ಸ್ವಯಂಸೇವಕರೊಬ್ಬರು ತಾವು ಒಂಬತ್ತು ವರ್ಷದವರಿದ್ದಾಗ ತಂದೆಯ ಹೆಗಲ ಮೇಲೆ ಕುಳಿತು ಅದು ತಮ್ಮೂರಿಗೆ ಬಂದದ್ದನ್ನು ನೋಡಿದ್ದಾಗಿ ಹೇಳಿದರು. ಒಳಗೆ ಏನೇನಿತ್ತು ಎಂದು ಕೇಳಿದೆ. ದೇಶದ ಹಳೆಯ ದಾಖಲೆಗಳು, ಚಂದ್ರನ ಮೇಲಿನ ಕಲ್ಲು ಇದ್ದವಂತೆ. ಚಲಿಸುವ ಪಟ್ಟಿಯ ಮೇಲೆ ನಿಲ್ಲಿಸಿ ಬೇಗಬೇಗ ಸಾಗಿಸಿದ್ದರಿಂದ ಅವೊಂದೂ ನೆನಪಿಲ್ಲವಂತೆ. "ನೆಲ ನಡುಗಿದ್ದು ನೆನಪಿದೆ" ಎಂದರು. ಭಾಷೆ ಬೇರೆ, ದೇಶ ಬೇರೆ, ಅವರ ತಂದೆಯ ಹೆಗಲಿಗೂ ನನ್ನಪ್ಪಯ್ಯನ ಪಂಚೆಗೂ ಎಷ್ಟು ಸಾವಿರ ಮೈಲಿಯೋ. ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡದೆ ಆ ಗಾಲಿಯನ್ನೇ ನೋಡುತ್ತ ನಿಂತೆವು.

ಅದು ಶ್ರೀಮಂತ ದೇಶದ ಮಾತಾಯಿತು ಎನ್ನುವವರಿಗಾಗಿ ನಮ್ಮದೇ ಉದಾಹರಣೆ ಇದೆ. ಇ.ಐ.ಆರ್. 21 ಎಂಬ ಇಂಜಿನ್ನು 1855ರದು, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ತಯಾರಾಗಿ ಬಂದದ್ದು. 1909ರಲ್ಲಿ ಸೇವೆಯಿಂದ ನಿವೃತ್ತವಾಗಿ ಜಮಾಲ್‌ಪುರ ಮತ್ತು ಹೌರಾದಲ್ಲಿ ನೂರು ವರ್ಷ ಪ್ರದರ್ಶನದ ವಸ್ತುವಾಗಿತ್ತು. ಅದನ್ನು ಚೆನ್ನೈಯ ಪೆರಂಬೂರು ಕಾರ್ಖಾನೆಗೆ ತಂದು, ಇಲ್ಲದ ಭಾಗಗಳನ್ನು ಹೊಸದಾಗಿ ಮಾಡಿ ಜೋಡಿಸಿ, 2010ರ ಸ್ವಾತಂತ್ರ್ಯ ದಿನದಂದು ಓಡಿಸಿದರು. ಅಲ್ಲಿಂದೀಚೆಗೆ ಅದು ಚೆನ್ನೈಯಲ್ಲಿ ಹಲವು ಸಲ, ವಿದ್ಯುತ್ ತಂತಿಗಳ ಕೆಳಗೇ, ಓಡಿದೆ. 2019ರಲ್ಲಿ ಕೇರಳಕ್ಕೂ ಹೋಗಿ ಎರ್ನಾಕುಲಂನಿಂದ ಕೊಚ್ಚಿಯ ಬಂದರ ನಿಲ್ದಾಣದವರೆಗೆ ಜನರನ್ನು ಕೂರಿಸಿಕೊಂಡು ಓಡಾಡಿತು. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ನಾನು ಭೂಪಟ ತೆಗೆದು ನೋಡಿದೆ. ಕೊಚ್ಚಿಯಿಂದ ಮಂಗಳೂರಿಗೆ ಹಳಿಯಿದೆ, ಮಂಗಳೂರಿನಿಂದ ಕುಮಟೆಗೆ ಹಳಿಯಿದೆ. ಅಗಲವೂ ಒಂದೇ. ಕೊಚ್ಚಿಯ ತನಕ ಬಂದ ಅತಿಥಿಯನ್ನು ನಾವು ಕರೆಯಲಿಲ್ಲ, ಅಷ್ಟೇ.

ನಾನು ಕೇಳುವುದು ದೊಡ್ಡದೇನಲ್ಲ. ಆ ಇಂಜಿನ್ನಾಗಲಿ, ಹರಿಯಾಣದ ರೇವಾಡಿಯ ಶೆಡ್ಡಿನಲ್ಲಿ ಇಂದಿಗೂ ಉಗಿಯೇರಿಸಬಲ್ಲ ಇಂಜಿನ್ನುಗಳಲ್ಲೊಂದಾಗಲಿ, ಒಂದು ಚಳಿಗಾಲದಲ್ಲಿ ಭಟ್ಕಳ, ಹೊನ್ನಾವರ, ಕುಮಟಾ, ಗೋಕರ್ಣ ರೋಡ್, ಅಂಕೋಲಾ ನಿಲ್ದಾಣಗಳಲ್ಲಿ ಒಂದೊಂದು ದಿನ ಬೆಂಕಿ ಹೊತ್ತಿಸಿಕೊಂಡು ನಿಲ್ಲಲಿ. ಬೇರೆ ಇಂಜಿನ್ನು ಅದನ್ನು ಎಳೆದು ತಂದರೂ ಸರಿ. ಸುತ್ತಲಿನ ಶಾಲೆಗಳ ಮಕ್ಕಳಿಗೆ ಬೆಂಕಿಗೂಡಿನ ಬಾಗಿಲು ತೆರೆದು ತೋರಿಸಲಿ. ಸಾಧ್ಯವಾದರೆ ಶರಾವತಿಯ ಸೇತುವೆಯ ಮೇಲೆ ಒಮ್ಮೆ ಹೋಗಿಬರಲಿ. ಟಿಕೆಟ್ಟು ಬೇಡ.

ಆಕ್ಷೇಪಗಳು ನನಗೆ ಗೊತ್ತು. ವಿದ್ಯುತ್ ಬಂದಾಗಿದೆ, ಮತ್ತೆ ಹೊಗೆ ಯಾಕೆ ಎನ್ನುವವರಿಗೆ, ವರ್ಷಕ್ಕೆ ಐದು ದಿನದ ಹೊಗೆ ನಮ್ಮ ಹೆದ್ದಾರಿಯ ಒಂದು ಗಂಟೆಯ ಹೊಗೆಗಿಂತ ಹೆಚ್ಚಾಗಲಾರದು ಎಂದು ಹೇಳಬಲ್ಲೆ. ಲೆಕ್ಕ ಮಾಡಿ ಹೇಳಿದ್ದಲ್ಲ, ಹೆದ್ದಾರಿಯ ಪಕ್ಕದಲ್ಲಿ ಬದುಕುವವನ ಅಂದಾಜು. ಮೊದಲು ಹುಬ್ಬಳ್ಳಿ–ಅಂಕೋಲಾ ಮಾರ್ಗವಾಗಲಿ, ತಾಳಗುಪ್ಪದ ಹಳಿ ಹೊನ್ನಾವರಕ್ಕೆ ಇಳಿಯಲಿ, ಆಮೇಲೆ ನಿಮ್ಮ ಆಟಿಕೆ ಎನ್ನುತ್ತಾರೆ ನನ್ನ ಸಹೋದ್ಯೋಗಿಯಾಗಿದ್ದ ಗಣಿತದ ಮಾಸ್ತರರು. ಆ ಮಾರ್ಗಗಳ ಪ್ರಶ್ನೆ ಕಾಡಿನ ಪ್ರಶ್ನೆ, ದಶಕಗಳ ಪ್ರಶ್ನೆ. ಅದು ಇತ್ಯರ್ಥವಾಗುವವರೆಗೆ ಮಕ್ಕಳು ಮಕ್ಕಳಾಗಿಯೇ ಉಳಿಯುವುದಿಲ್ಲ. ನನಗೆ ಉತ್ತರ ಹೇಳಲು ಕಷ್ಟವಾಗುವುದು ಮಾವನ ಆಕ್ಷೇಪಕ್ಕೆ. ಅವನಿದ್ದಿದ್ದರೆ ಈ ಬರಹ ಓದಿ, ಸುಟ್ಟ ಕೈ ಮುಂದೆ ಚಾಚಿ, ಇದನ್ನೂ ತೋರಿಸುತ್ತೀಯೋ ಎಂದು ಕೇಳುತ್ತಿದ್ದ. ತೋರಿಸಬೇಕು ಎಂಬುದೇ ನನ್ನ ನಿಲುವು. ಆ ಬಂಡಿ ಬಂದಾಗ ಹೂಮಾಲೆ, ಭಾಷಣ, ಬ್ಯಾಂಡಿನ ಜೊತೆಗೆ, ಎಂಟು ಗಂಟೆ ಸಲಿಕೆ ಎತ್ತಿದವನ ಕೈ ಹೇಗಿರುತ್ತಿತ್ತು ಎಂದು ಹೇಳಬಲ್ಲ ಹಳೆಯ ಫೈರ್‌ಮ್ಯಾನ್ ಒಬ್ಬರನ್ನಾದರೂ ಕರೆತಂದು ಮಕ್ಕಳ ಮುಂದೆ ಕೂರಿಸಬೇಕು. ಚಿತ್ತರಂಜನ್ ಕಾರ್ಖಾನೆ ತನ್ನ ಕೊನೆಯ ಉಗಿಯಿಂಜಿನ್ನನ್ನು ಹೊರಬಿಟ್ಟದ್ದು 1972ರಲ್ಲಿ. ಉಗಿಯ ಮೇಲೆ ದುಡಿದವರು ಇನ್ನೂ ಇದ್ದಾರೆ, ಆದರೆ ಅವರ ವಯಸ್ಸು ನನ್ನ ವಯಸ್ಸಿನ ಆಚೀಚೆ. ಕಬ್ಬಿಣ ಕಾಯುತ್ತದೆ, ಅವರು ಕಾಯಲಾರರು.

ರೈಲ್ವೆಯ ವಲಯ ಕಚೇರಿಗೂ ಕೊಂಕಣ ರೈಲ್ವೆಗೂ ಕಳಿಸಲು ಒಂದು ಮನವಿ ಬರೆದಿದ್ದೇನೆ. ನಿಮ್ಮಲ್ಲಿ ರೈಲ್ವೆಯಲ್ಲಿರುವವರು, ಪತ್ರಿಕೆಗಳಲ್ಲಿರುವವರು ಅದನ್ನು ತಿದ್ದಿ ಸರಿಯಾದವರ ಕೈಗೆ ಮುಟ್ಟಿಸಿದರೆ ಉಪಕಾರವಾಗುತ್ತದೆ. ಶಾಲೆಗಳಲ್ಲಿ ಪಾಠ ಮಾಡುತ್ತಿರುವವರು ಮಕ್ಕಳಿಂದ ಒಂದೊಂದು ಕಾಗದ ಬರೆಸಿ.

ಕಳೆದ ವಾರ ತದಡಿಗೆ ಹೋಗಿ ಮನವಿಯನ್ನು ಆ ನನ್ನ ಹಳೆಯ ವಿದ್ಯಾರ್ಥಿಗೆ ತೋರಿಸಿದೆ. ಅವನಿಗೀಗ ಅರವತ್ತು ದಾಟಿದೆ, ಮೊಮ್ಮಗಳು ಆರನೆಯ ತರಗತಿ. ಕನ್ನಡಕ ಹುಡುಕಿ ಪೂರ್ತಿ ಓದಿದ. ಏಳು ರೂಪಾಯಿಯ ವಿಷಯ ತೆಗೆದೆ. ಅವನು ನಕ್ಕು, "ಅದು ಏಳಲ್ಲ ಮಾಸ್ತರ್ರೇ, ಎಂಟು. ನಾನು ತಂದಿದ್ದು ನಾಲ್ಕೇ" ಎಂದ. ಆಮೇಲೆ ಪೆನ್ನು ತೆಗೆದುಕೊಂಡು ನನ್ನ ಹೆಸರಿನ ಕೆಳಗೆ ಸಹಿ ಹಾಕಿ, ಮೊಮ್ಮಗಳನ್ನು ಕರೆದು ಅವಳ ಕೈಗೂ ಪೆನ್ನು ಕೊಟ್ಟ.